ಸೀಟಿಯ ಹಿಂದಿನ ಶಾಸ್ತ್ರ

ನಮ್ಮ ಶಾಲೆಯ ವ್ಯಾಯಾಮೋಪಾಧ್ಯಾಯರು ಎರಡು ವರ್ಷದ ಎಂ.ಪಿ.ಎಡ್. ವ್ಯಾಸಂಗಕ್ಕಾಗಿ ರಜೆ ಬೇಡಿದಾಗ, “ಸೀಟಿ ಊದುವುದಕ್ಕೆ ಸ್ನಾತಕೋತ್ತರ ಪದವಿಯೇಕೆ, ಮೇಷ್ಟ್ರೇ?” ಎಂದು ನಾನು ನಕ್ಕಿದ್ದೆನು. ಮದರಾಸಿನಲ್ಲಿ ಹ್ಯಾರಿ ಬಕ್ ಎಂಬವರು ಇಂತಹ ಉಪಾಧ್ಯಾಯರಿಗಾಗಿ 1920ರಲ್ಲಿಯೇ ಕಾಲೇಜು ತೆರೆದಿದ್ದರೆಂಬುದನ್ನು ಸಂಸ್ಕೃತ ಪಂಡಿತನಾದ ನಾನು ಅರಿತಿರಲಿಲ್ಲ.

ಅವರು ಕಲಿತು ಬಂದ ವರ್ಷ, ಬಿರುಬಿಸಿಲಿನಲ್ಲಿ ಓಡುತ್ತಿದ್ದ ಬಾಲಕನೊಬ್ಬನು ಮೂರ್ಛೆಹೋದನು. ನಾನು ಅವನ ಬಾಯಿಗೆ ನೀರೆರೆಯಹೋದೆನು. ಮೇಷ್ಟರು ನನ್ನ ಕೈಹಿಡಿದು, “ಬೇಡ, ಪಂಡಿತರೇ, ಎಚ್ಚರವಿಲ್ಲದವನಿಗೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿದೀತು” ಎಂದರು. ಅವನನ್ನು ನೆರಳಿನಲ್ಲಿ ಮಗ್ಗುಲಾಗಿ ಮಲಗಿಸಿ, ಅಂಗಿ ಸಡಿಲಿಸಿ, ಮೈಗೆ ತಣ್ಣೀರೆರೆದು ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿದರು. ಬಾಲಕನು ಬದುಕಿದನು.

ಶರೀರಕ್ರಿಯೆ, ಅಂಗಚಲನೆ, ಮನಶ್ಶಾಸ್ತ್ರ ಇವೆಲ್ಲವೂ ಆ ವ್ಯಾಸಂಗದ ಪಾಠಗಳೆಂದು ಅಂದು ತಿಳಿದೆನು. ಅವರ ಕ್ಷಮೆ ಬೇಡಿದೆನು. ವಾಚಕರೇ, ನಿಮ್ಮ ಮಕ್ಕಳನ್ನು ಓಡಿಸುವವರು ಏನು ಓದಿರುವರೆಂದು ಒಮ್ಮೆ ವಿಚಾರಿಸಿರಿ.