ಅಕ್ಕನ ಹೊತ್ತು

ನಾನು ಬಿ.ಎ. ಓದಿ ಗುಮಾಸ್ತನಾದವನು. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕಚೇರಿ ಮುಗಿಯುತ್ತದೆ. ಆರು ಗಂಟೆ ಒಂಬತ್ತು ನಿಮಿಷಕ್ಕೆ ನನ್ನ ಬುತ್ತಿಯ ಚೀಲ ಹೆಗಲೇರಿರುತ್ತದೆ. ಉಳಿದ ಕಡತ ನಾಳೆಗೆ. ಕಡತ ಅಳುವುದಿಲ್ಲ, ಹಸಿವೆನ್ನುವುದಿಲ್ಲ. ಆದ್ದರಿಂದ ದೀಪ ಹಚ್ಚುವ ಹೊತ್ತಿಗೆ ಮಕರಪುರದ ಮನೆ ಸೇರುವ ಭಾಗ್ಯ ನನ್ನದು.

ನನ್ನ ಅಕ್ಕನಿಗೆ ಈ ಭಾಗ್ಯವಿಲ್ಲ. ಆಕೆ ತಿರುಮಕೂಡಲು ನರಸೀಪುರದ ಕಡೆ ಅಂಗನವಾಡಿ ಕಾರ್ಯಕರ್ತೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಈ ಯೋಜನೆ ಮೊದಲಾದಾಗ, ಕರ್ನಾಟಕದಲ್ಲಿ ನಮ್ಮ ನರಸೀಪುರವೂ ಗುಜರಾತಿನಲ್ಲಿ ಛೋಟಾ ಉದಯಪುರವೂ ಅವುಗಳಲ್ಲಿ ಸೇರಿದ್ದವು. ಛೋಟಾ ಉದಯಪುರ ಆಗ ನಮ್ಮ ವಡೋದರ ಜಿಲ್ಲೆಯದೇ. ಬಿಟ್ಟುಬಂದ ಊರಿಗೂ ಬಂದು ಸೇರಿದ ಊರಿಗೂ ಇಂಥದೊಂದು ನಂಟುಂಟೆಂದು ತಿಳಿದು ಹಿಗ್ಗಿದವನು ನಾನು.

ಅಕ್ಕನ ಮೇಲೆ ಮಾತ್ರ ಸಿಟ್ಟು. ಮಕ್ಕಳಿಗೆ ಉಣಿಸಬೇಕು, ಹಾಡು ಕಲಿಸಬೇಕು, ತೂಕ ನೋಡಬೇಕು, ಬಸುರಿಯರ ಮನೆಗೆ ಹೋಗಿಬರಬೇಕು, ಚುಚ್ಚುಮದ್ದಿಗೆ ಅಂಜುವ ತಾಯಂದಿರನ್ನು ಒಲಿಸಿ ಕರೆತರಬೇಕು. ಇಷ್ಟನ್ನೂ ಪುಸ್ತಕದಲ್ಲಿ ಬರೆದು, 2021ರಿಂದೀಚೆಗೆ ಮೊಬೈಲಿನಲ್ಲೂ ತುಂಬಬೇಕು. ಆ ಹಳ್ಳಿಯಲ್ಲಿ ಸಿಗ್ನಲ್ ಸಿಗುವುದು ರಾತ್ರಿ, ಅದೂ ಮಾಳಿಗೆಯ ಮೇಲೆ. ಇದಕ್ಕೆ ಕೊಡುವುದನ್ನು ಸಂಬಳವೆನ್ನುವುದಿಲ್ಲ, ಗೌರವಧನವೆನ್ನುತ್ತಾರೆ. ಗೌರವವೇನೋ ಸರಿ, ಧನ ಎಲ್ಲಿ? ಹೋದ ವರ್ಷ ಸ್ವಂತ ಮಗಳು ಜ್ವರದಿಂದ ಮಲಗಿದ್ದಾಗ ಆಕೆ ಪರರ ಮಕ್ಕಳನ್ನು ಕರೆತರಲು ಹೋಗಿದ್ದಳಂತೆ. ಅಮ್ಮನಿಂದ ಇದನ್ನು ಕೇಳಿ, “ಊರ ಉಸಾಬರಿ ನಿನಗೇಕೆ? ನೀನೂ ಒಬ್ಬ ತಾಯಿಯೇ?” ಎಂದು ಫೋನಿನಲ್ಲಿ ಗದರಿಬಿಟ್ಟೆ. ಮೂರು ತಿಂಗಳು ನಮ್ಮಿಬ್ಬರಿಗೆ ಮಾತಿಲ್ಲ.

ಇದು ಅರೆಹೊತ್ತಿನ ಕೆಲಸವೆಂದರೆ ಒಪ್ಪಲಾಗದು, ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ಗುಜರಾತಿನ ಮೊಕದ್ದಮೆಯಲ್ಲೇ. ಪತ್ರಿಕೆಯಲ್ಲಿ ಅದನ್ನು ಓದಿದ್ದೆ. ಅರ್ಥವಾದದ್ದು ನಮ್ಮ ಹೊಸ್ತಿಲಲ್ಲಿ.

ಇಲ್ಲಿ ಚುಚ್ಚುಮದ್ದಿನ ದಿನಕ್ಕೆ ಮಮತಾ ದಿವಸವೆಂದು ಹೆಸರು. ಊರಿಂದ ನೆಂಟರು ಬಂದ ಗದ್ದಲದಲ್ಲಿ ನಾವು ಅದನ್ನು ಮರೆತೆವು. ಪುಟ್ಟನಿಗೆ ದಡಾರದ ಸೂಜಿ ತಪ್ಪಿತು. ಅಂದೇ ಸಂಜೆ ಏಳೂವರೆಗೆ ಬಾಗಿಲು ಬಡಿದ ಸದ್ದು. ನೋಡಿದರೆ ನಮ್ಮ ಓಣಿಯ ಅಂಗನವಾಡಿಯ ಬೆಹನ್, ಕೈಯಲ್ಲಿ ಪುಸ್ತಕ. ನನ್ನವಳು ಚಹಾ ಕುಡಿದು ಹೋಗಿರೆಂದಳು. “ಚಾಲ್ಶೆ, ಬೆಹನ್” ಎಂದು ನಕ್ಕು, ನಿಂತೇ ಅರ್ಧ ಲೋಟ ನೀರು ಕುಡಿದರು. ಮುಂದಿನ ಬಾರಿ ತಪ್ಪಿಸಬೇಡಿರೆಂದು ಎರಡೆರಡು ಸಲ ಹೇಳಿದರು. ಕಳುಹಿಸಲು ಹೊರಬಂದರೆ, ಮೆಟ್ಟಿಲ ಮೇಲೆ ಏಳೆಂಟು ವರ್ಷದ ಹುಡುಗನೊಬ್ಬ ಬೀದಿದೀಪಕ್ಕೆ ಪಾಠದ ಪುಸ್ತಕ ಹಿಡಿದು ಹಾಗೆಯೇ ತೂಕಡಿಸುತ್ತಿದ್ದ. ಅವರ ಮಗ. ಎಬ್ಬಿಸಿ, ಕೈಹಿಡಿದು ಮುಂದಿನ ಮನೆಗೆ ನಡೆದರು.

ನನಗೆ ಊಟ ಸೇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೋಪವಿನ್ನೂ ಆರಿಲ್ಲವೆಂದುಕೊಂಡೆ. ಹತ್ತು ಗಂಟೆಗೆ ಅವಳೇ ಮಾಡಿದಳು. ಹೇಗೆ ಮೊದಲುಮಾಡಲೆಂದು ನಾನು ತಡವರಿಸುತ್ತಿರುವಾಗಲೇ, “ಪುಟ್ಟನಿಗೆ ಒಂಬತ್ತು ತಿಂಗಳು ತುಂಬಿತಲ್ಲೋ, ದಡಾರದ ಸೂಜಿ ಹಾಕಿಸಿದೆಯಾ?” ಎಂದಳು.

“ತಪ್ಪಾಯಿತು, ಅಕ್ಕಾ” ಎಂದೆ. ಯಾವ ತಪ್ಪೆಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

“ಬರುವ ಸಲ ಮರೆಯಬೇಡ. ಈಗ ಇಡಲೇ? ಮಾಳಿಗೆಯ ಮೇಲಿದ್ದೇನೆ. ಇನ್ನೂ ಹನ್ನೊಂದು ಹೆಸರು ತುಂಬಬೇಕು.”