ಉದಕಮಂಡಲದ ರೇಸು, ಬೇಲಿಯ ಈಚೆಯಿಂದ

ಉದಕಮಂಡಲವೆಂದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ ಸಸ್ಯೋದ್ಯಾನದ ಹೂವಿನ ಪ್ರದರ್ಶನ, ಕೆರೆಯ ದೋಣಿ, 1908 ರಿಂದ ಆ ಊರಿಗೆ ಏದುಸಿರು ಬಿಡುತ್ತ ಏರಿ ಬರುತ್ತಿರುವ ಪುಟ್ಟ ರೈಲು ಇವು ನೆನಪಾಗುತ್ತವೆ. ನಮಗಾದರೋ ಮೊದಲು ನೆನಪಾಗುವುದು ಒಂದು ಬೇಲಿ. ಬಸ್ ನಿಲ್ದಾಣದಲ್ಲಿಳಿದು ಸ್ವಲ್ಪ ದೂರ ನಡೆದರೆ ಸಾಕು, ಕುದುರೆ ಪಂದ್ಯದ ಮೈದಾನದ ಬೇಲಿ ಎದುರಾಗುತ್ತಿತ್ತು. ಟಿಕೆಟು ಕೊಂಡು ಒಳಗೆ ಹೋಗುವ ಸಿರಿವಂತರಿಗೆ ಅಲ್ಲಿ ಮೆಟ್ಟಿಲುಗಳ ಗ್ಯಾಲರಿಯಿತ್ತು. ನಮ್ಮಂಥವರಿಗೆ ಬೇಲಿಯೇ ಗ್ಯಾಲರಿ. ಅದನ್ನು ಹಿಡಿದುಕೊಂಡು ನಾವು ಕಂಡ ಪಂದ್ಯಗಳನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆನಿಸಿದೆ.

ನಾವು ಹುಟ್ಟಿ ಬೆಳೆದದ್ದು ಮಸಿನಗುಡಿಯ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆಯವರು ಸಿಂಗಾರದ ವಿದ್ಯುದಾಗಾರದಲ್ಲಿ ಕೂಲಿಯಾಳಾಗಿ ಸೇರಿ ಅಲ್ಲಿಯೇ ಸೇವೆ ಮುಗಿಸಿದವರು. ಅವರ ಅಣ್ಣ, ಎಂದರೆ ನಮ್ಮ ದೊಡ್ಡಪ್ಪನವರು, ಉದಕಮಂಡಲದ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಆದಕಾರಣ ಏಪ್ರಿಲ್ ತಿಂಗಳಲ್ಲಿ ಶಾಲೆಗೆ ರಜೆ ಬಿಟ್ಟೊಡನೆ ನಮ್ಮನ್ನು ಮೇಲಕ್ಕೆ ಕರೆಸಿಕೊಳ್ಳುತ್ತಿದ್ದರು. ಕಲ್ಲಟ್ಟಿ ಘಾಟಿಯ ಮೂಲಕ ಮಸಿನಗುಡಿಯಿಂದ ಉದಕಮಂಡಲ ಮೂವತ್ತು ಕಿಲೋಮೀಟರಿನಷ್ಟು ದೂರ. ಏರಬೇಕಾದ ಎತ್ತರವೋ ಸಾವಿರದ ಇನ್ನೂರು ಮೀಟರಿಗೂ ಹೆಚ್ಚು. ಮೂವತ್ತಾರು ತಿರುವುಗಳು. 1979 ರಲ್ಲಿ ಮೊದಲ ಬಾರಿ ಜೀಪಿನಲ್ಲಿ ಏರಿದಾಗ ಅವನ್ನು ಎಣಿಸುವ ಹಟ ತೊಟ್ಟಿದ್ದೆವು. ಇಪ್ಪತ್ತರವರೆಗೆ ಎಣಿಸಿದ್ದು ನೆನಪಿದೆ. ಆಮೇಲಿನದು ವಾಂತಿಯಲ್ಲಿ ಕಳೆಯಿತು.

ಆ ಊರಿನ ಪಂದ್ಯಗಳು ಏಪ್ರಿಲ್ ನಡುವಿನಿಂದ ಜೂನ್‌ವರೆಗೆ ನಡೆಯುತ್ತಿದ್ದವು. ನಮ್ಮ ರಜೆಗೂ ಕುದುರೆಗಳ ಋತುವಿಗೂ ಹೀಗೆ ಗಂಟು ಬಿದ್ದಿತ್ತು. ಇದು ಕೇವಲ ಆಕಸ್ಮಿಕವೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಮದ್ರಾಸು ಪ್ರಾಂತದ ಸರಕಾರವೇ ಬೇಸಗೆಯಲ್ಲಿ ಈ ಬೆಟ್ಟವೇರಿ ಬರುತ್ತಿತ್ತು. ದೊರೆಗಳ ಹಿಂದೆ ಅವರ ವಿನೋದಗಳೂ ಬಂದವು. 1886 ರಲ್ಲಿ ಇಲ್ಲಿ ಪಂದ್ಯದ ಮೈದಾನವಾಯಿತು. ನೆಲವಾದರೂ ಎಂಥದು? ಕಲೆಕ್ಟರ್ ಜಾನ್ ಸಲ್ಲಿವನ್ ಸಾಹೇಬನು 1820 ರ ದಶಕದಲ್ಲಿ ಕಟ್ಟಿಸಿದ ಕೆರೆ ಮೊದಲು ಈಗಿನದಕ್ಕಿಂತ ಬಹಳ ದೊಡ್ಡದಾಗಿತ್ತು. ನೀರು ಹಿಂದೆ ಸರಿದ ಜಾಗದಲ್ಲಿಯೇ ಮುಂದೆ ಪಂದ್ಯದ ಮೈದಾನವೂ ಬಸ್ ನಿಲ್ದಾಣವೂ ಎದ್ದವು. ಬೆಟ್ಟಗಳ ನಡುವೆ ತಟ್ಟೆಯ ತಳದಂತೆ ಅಷ್ಟು ಸಮನಾದ ನೆಲ ಅಲ್ಲಿ ಹೇಗೆ ಬಂದಿತೆಂದು ಚಿಕ್ಕಂದಿನಲ್ಲಿ ನಮಗೆ ಸೋಜಿಗವಾಗುತ್ತಿತ್ತು. ಅದು ಕೆರೆಯಂಗಳವೆಂದು ತಿಳಿದದ್ದು ತೀರ ಈಚೆಗೆ.

ಮದ್ರಾಸಿನ ಕಡೆಯವರಿಗೆ ಆ ಕಾಲದಲ್ಲಿ ಶೋಲಾವರಂನ ಹಳೆಯ ವಿಮಾನಪಟ್ಟಿಯಲ್ಲಿ ಮೋಟಾರು ಕಾರುಗಳ ಪಂದ್ಯ ನೋಡುವ ಭಾಗ್ಯವಿತ್ತು. ಅದನ್ನು ನಾವು ಪತ್ರಿಕೆಯ ಚಿತ್ರಗಳಲ್ಲಿ ಮಾತ್ರ ಕಂಡವರು. ನಮ್ಮ ಬೆಟ್ಟಕ್ಕೆ ಕುದುರೆಯೇ ಕಾರು, ಕುದುರೆಯೇ ವಿಮಾನ.

ದೊಡ್ಡಪ್ಪನವರು ಶನಿವಾರ ಮಂಡಿಯ ಕೆಲಸ ಮುಗಿಸಿ, ಕೈಕಾಲು ತೊಳೆದು, ತಲೆಗೆ ಉಣ್ಣೆಯ ಟೋಪಿ ಸಿಕ್ಕಿಸಿ, ಒಂದು ಪೊಟ್ಟಣ ವರ್ಕಿಯನ್ನು ನಮ್ಮ ಕೈಗಿತ್ತು ಬೇಲಿಯ ಬಳಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಬಡಗರು, ತಮಿಳರು, ಮಲೆಯಾಳಿಗಳು, ಗುಂಡ್ಲುಪೇಟೆಯಿಂದ ತರಕಾರಿ ಲಾರಿಯಲ್ಲಿ ಬಂದ ನಮ್ಮವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಬೇಲಿಯ ಬದಿಯಲ್ಲಿ ಕನ್ನಡವೂ ಬಡಗರ ಮಾತೂ ಒಂದರೊಳಗೊಂದು ಕೂಡಿಕೊಳ್ಳುತ್ತಿದ್ದವು. ಅರ್ಥವಾಗದೆ ಉಳಿಯುತ್ತಿದ್ದ ಮಾತು ಕಡಿಮೆ.

"ನಂಬರ್ ನೋಡ್ಬೇಡ ಕಣ್ಲಾ ಮಗ, ಕುದುರೆ ಕಿವಿ ನೋಡು. ಕಿವಿ ಮುಂದಕ್ಕಿದ್ರೆ ಅದ್ಕೆ ಓಡೋ ಮನಸ್ಸದೆ" ಎನ್ನುವರು. ದೊಡ್ಡಪ್ಪನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಫರ್ಲಾಂಗಿನ ಲೆಕ್ಕ ಅವರಿಂದಲೇ ನಮಗೆ ಬಂದಿತು. ಎಂಟು ಫರ್ಲಾಂಗಿಗೆ ಒಂದು ಮೈಲಿ. ಫರ್ಲಾಂಗೆಂದರೆ ಇನ್ನೂರ ಇಪ್ಪತ್ತು ಗಜ, ಈಗಿನ ಅಳತೆಯಲ್ಲಿ 201 ಮೀಟರು. ಇಂದಿಗೂ ನಮ್ಮ ಶಾಲೆಯಲ್ಲಿ ವೇಗದ ಪಾಠ ಬಂದರೆ ಕುದುರೆಯ ಲೆಕ್ಕವನ್ನೇ ಹಾಕುತ್ತೇವೆ. 1200 ಮೀಟರನ್ನು ಕುದುರೆಯೊಂದು 75 ಸೆಕೆಂಡಿನಲ್ಲಿ ಓಡಿದರೆ ಸೆಕೆಂಡಿಗೆ 16 ಮೀಟರು. ಗಂಟೆಗೆ ಸುಮಾರು 58 ಕಿಲೋಮೀಟರು. ಘಾಟಿಯನ್ನೇರುವ ನಮ್ಮ ಬಸ್ಸುಗಳು ಅದರ ಅರ್ಧ ವೇಗವನ್ನೂ ಮುಟ್ಟುವುದಿಲ್ಲವೆಂದರೆ ಮಕ್ಕಳಿಗೆ ಬಹಳ ನಗು.

ಈ ಪಂದ್ಯದಲ್ಲಿ ಇನ್ನೊಂದು ವಿಚಿತ್ರವಿದೆ. ಎಲ್ಲ ಕುದುರೆಗಳೂ ಒಂದೇ ಭಾರ ಹೊತ್ತು ಓಡುವುದಿಲ್ಲ. ಹಿಂದೆ ಚೆನ್ನಾಗಿ ಓಡಿದ ಕುದುರೆಗೆ ಹೆಚ್ಚು ಭಾರ, ಸೋಲುತ್ತ ಬಂದದ್ದಕ್ಕೆ ಕಡಿಮೆ. ಸವಾರನ ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸದ ಬಿಲ್ಲೆಗಳನ್ನು ಇಡುತ್ತಾರೆ. ಬಲಶಾಲಿಗೆ ಹೊರೆ, ದುರ್ಬಲನಿಗೆ ಹಗುರ! ತರಗತಿಯಲ್ಲಿ ನಾವು ಮಾಡುವುದು ಬಹುಮಟ್ಟಿಗೆ ಇದರ ತಿರುವು ಮುರುವು. ಅಂತೆಯೇ ನಮ್ಮ ದೇಶದ ಪಂದ್ಯದ ಕುದುರೆಗಳು ವರ್ಷದ ಯಾವ ದಿನ ಹುಟ್ಟಿದ್ದರೂ ದಾಖಲೆಯಲ್ಲಿ ಜನವರಿ 1 ರಂದೇ ಒಂದು ವರ್ಷ ಬೆಳೆಯುತ್ತವಂತೆ. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅರ್ಧದಷ್ಟು ಮಕ್ಕಳು ಜೂನ್ 1 ರಂದು ಹುಟ್ಟಿರುವುದನ್ನು ನೋಡಿದ ಮೇಲೆ ಇದರಲ್ಲಿ ನಮಗೆ ಆಶ್ಚರ್ಯ ತೋರಲಿಲ್ಲ.

ಆದರೆ ಉದಕಮಂಡಲದ ಪಂದ್ಯಕ್ಕೆ ನಿಜವಾದ ಸೊಗಸು ಕೊಡುತ್ತಿದ್ದುದು ಮಂಜು. ಬೆಳಗೆಲ್ಲ ಬಿಸಿಲು ಕಾಯ್ದು, ಮಧ್ಯಾಹ್ನ ಇದ್ದಕ್ಕಿದ್ದಂತೆ ಬೆಟ್ಟದ ಕಡೆಯಿಂದ ಬಿಳಿಯ ಮಂಜು ಉರುಳಿ ಬಂದು ಮೈದಾನದ ಆಚೆಯ ಅಂಚನ್ನು ನುಂಗಿಬಿಡುವುದು. ಕುದುರೆಗಳು ಕೆಂಪು, ಹಳದಿ, ನೀಲಿ ಅಂಗಿಗಳ ಸವಾರರನ್ನು ಹೊತ್ತು ಆ ಬಿಳುಪಿನೊಳಗೆ ನುಗ್ಗುವುವು, ನುಗ್ಗಿ ಇಲ್ಲವಾಗುವುವು. ಬೇಲಿಯ ಸಾಲೆಲ್ಲ ಒಮ್ಮೆಲೆ ಮೌನ. ಎಲ್ಲರೂ ಕಿವಿಗೊಟ್ಟು ನಿಲ್ಲುವರು. ಮೊದಲು ಕಾಲಿನ ಕೆಳಗಿನ ನೆಲದಲ್ಲಿ ಸಣ್ಣ ಕಂಪನ, ಆಮೇಲೆ ಗೊರಸಿನ ಸದ್ದು, ಆಮೇಲೆ ಮಂಜನ್ನು ಸೀಳಿಕೊಂಡು ಒಂದು ಮೂತಿ! ಒಳಹೋಗುವಾಗ ಮುಂದಿದ್ದದ್ದು ಹೊರಬರುವಾಗ ಐದನೆಯದಾಗಿರುವುದು. ಒಳಗೆ ಏನು ನಡೆಯಿತೆಂದು ನಮಗಾರಿಗೂ ತಿಳಿಯದು.

ದೊಡ್ಡಪ್ಪನವರು ಬೇಲಿಯ ಈಚೆಗೇ ಇರುತ್ತಿದ್ದರೆಂದು ಬರೆದರೆ ಅದು ಪೂರ್ತಿ ನಿಜವಾಗದು. ಆಗೊಮ್ಮೆ ಈಗೊಮ್ಮೆ "ಇಲ್ಲೇ ಇರು ಮಗ, ಬಂದೆ" ಎಂದು ಒಳಗೆ ಹೋಗಿ, ಎರಡೋ ಐದೋ ರೂಪಾಯಿ ಕಟ್ಟಿ ಬರುತ್ತಿದ್ದರು. ಗೆದ್ದರೆ ಹುರಿದ ಕಡಲೆಕಾಯಿ. ಸೋತರೆ ಆ ದಿನ ಬೀಡಿ ಇಲ್ಲ. ಅದಕ್ಕಿಂತ ಹೆಚ್ಚಿನ ಹಾನಿಯನ್ನು ನಾವು ಕಂಡಿರಲಿಲ್ಲ.

1987 ರ ಮೇ ತಿಂಗಳು. ಶಿಕ್ಷಕ ತರಬೇತಿಗೆ ನಮಗೆ ಸ್ಥಾನ ದೊರೆತಿತ್ತು. ತಾಯಿಯವರು ಒಂದು ಕರು ಮಾರಿ, ಅದಕ್ಕೆ ತಂದೆಯವರ ಉಳಿತಾಯವನ್ನು ಕೂಡಿಸಿ, ಏಳುನೂರ ಐವತ್ತು ರೂಪಾಯಿಗಳನ್ನು ಸೀರೆಯ ಚೂರಿನಲ್ಲಿ ಕಟ್ಟಿ ದೊಡ್ಡಪ್ಪನವರ ಕೈಯಲ್ಲಿ ಕೊಟ್ಟಿದ್ದರು. ಪೇಟೆಯ ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಲು ಪೇಟೆಯಲ್ಲಿರುವವರೇ ಬೇಕಲ್ಲವೆ? ಶನಿವಾರ ನಾವಿಬ್ಬರೂ ಹೊರಟೆವು. ಮಂಡಿಯಲ್ಲಿ ತಡವಾಗಿ, ಬ್ಯಾಂಕಿನ ಬಾಗಿಲು ತಲಪುವಾಗ ಮಧ್ಯಾಹ್ನದ ವ್ಯವಹಾರ ಮುಗಿದಿತ್ತು. "ಸೋಮವಾರ ಆಯ್ತದೆ ಬಿಡು" ಎಂದರು. ಬೇಲಿಯ ಬಳಿಗೆ ಬಂದೆವು. "ಇಲ್ಲೇ ಇರು ಮಗ, ಬಂದೆ" ಎಂದರು.

ಅಂದಿನ ಮೂರನೆಯ ಪಂದ್ಯವನ್ನು ನಾವು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆವು. ಹಸಿರು ಅಂಗಿ, ಹಳದಿ ಟೋಪಿಯ ಸವಾರನೊಬ್ಬನ ಕಂದು ಕುದುರೆ. ಹಣೆಯಲ್ಲಿ ಬಿಳಿಯ ಚುಕ್ಕೆ. ಸಾಲಾಗಿ ನಡೆಸುವಾಗ ಅದರ ಕಿವಿಗಳು ಮುಂದಕ್ಕಿದ್ದವು. ನಾವು ಅದನ್ನು ನಮ್ಮದೆಂದು ಆರಿಸಿಕೊಂಡೆವು. ಕಾಸಿಲ್ಲದವರಿಗೆ ಆರಿಸಿಕೊಳ್ಳಲು ಅಡ್ಡಿಯೇನು? ಮಂಜಿನೊಳಗೆ ಹೋಗುವಾಗ ಅದು ಆರನೆಯದೋ ಏಳನೆಯದೋ. ಹೊರಬಂದಾಗ ಎಲ್ಲಕ್ಕಿಂತ ಮುಂದೆ, ಒಂಟಿಯಾಗಿ! ನಾವು ಬೇಲಿಯ ಮೇಲೆ ಹತ್ತಿ ಗಂಟಲು ಹರಿಯುವಂತೆ ಕೂಗಿದೆವು. ಕೊನೆಯ ಕಂಬಕ್ಕೆ ಇನ್ನೇನು ಐವತ್ತು ಗಜವಿದೆ ಎನ್ನುವಾಗ ಹೊರಬದಿಯಿಂದ ಬೂದು ಕುದುರೆಯೊಂದು ಬಂದು ಜೊತೆಗೂಡಿತು. ಒಂದು ಕತ್ತಿನಷ್ಟು ಮುಂದೆ ಹೋಯಿತು. ಸೋತರೂ ನಮಗೆ ಖುಷಿಯೇ. ಅಂಥ ಪಂದ್ಯವನ್ನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ದೊಡ್ಡಪ್ಪನವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಟೋಪಿ ಕೈಯಲ್ಲಿತ್ತು. ನಾವು ಉತ್ಸಾಹದಿಂದ ಕಂದು ಕುದುರೆಯ ಕಥೆಯನ್ನು ಹೇಳತೊಡಗಿದೆವು. ಅವರು ಬೇಲಿಯ ಕಂಬಕ್ಕೆ ಒರಗಿ ಕುಳಿತು, ಸೀರೆಯ ಚೂರನ್ನು ನಮ್ಮ ಕೈಯಲ್ಲಿಟ್ಟರು. ಅದರಲ್ಲಿ ಏನೂ ಇರಲಿಲ್ಲ. ಗೆಲುವಿಗೇ ಕಟ್ಟಿದ್ದರು. ಮೊದಲ ಮೂರರೊಳಗೆ ಬರುವುದೆಂದು ಕಟ್ಟಿದ್ದರೆ ಹಣದ ಒಂದು ಪಾಲಾದರೂ ಉಳಿಯುತ್ತಿತ್ತು. "ಒಂದು ಸಲ, ನಿನ್ನ ಪುಸ್ತಕಕ್ಕೂ ಬಟ್ಟೆಗೂ ಆಗ್ಲಿ ಅಂತ" ಎಂದಷ್ಟೇ ಹೇಳಿದರು.

ಮರುದಿನ ಅವರೇ ನಮ್ಮೊಡನೆ ಹಳ್ಳಿಗೆ ಇಳಿದು ಬಂದು, ಯಾರ ಮೇಲೂ ತಪ್ಪು ಹೊರಿಸದೆ, ನಡೆದುದನ್ನು ನಡೆದಂತೆ ಹೇಳಿದರು. ತಂದೆಯವರು ಎದ್ದು ಕೊಟ್ಟಿಗೆಗೆ ಹೋದರು, ಕತ್ತಲಾಗುವವರೆಗೆ ಹೊರಬರಲಿಲ್ಲ. ತಾಯಿಯವರು ಮಾತ್ರ ಬಾಗಿಲ ಮರೆಯಿಂದ, "ಬಾವ, ಮೊದ್ಲು ಕೈ ತೊಳ್ಕೊಂಡು ಊಟ ಮಾಡಿ" ಎಂದರು.

ನಾವು ತರಬೇತಿಗೆ ಸೇರಿದ್ದು ಒಂದು ವರ್ಷ ತಡವಾಗಿ. ಆ ವರ್ಷ ಮಸಿನಗುಡಿಯಲ್ಲಿ ಕೂಲಿಕಾರರ ಮಕ್ಕಳಿಗೆ ಸಂಜೆಯ ಹೊತ್ತು ಮಗ್ಗಿ, ಕಾಗುಣಿತ ಹೇಳಿಕೊಟ್ಟೆವು. ತಲೆಗೆ ತಿಂಗಳಿಗೆ ಮೂರು ರೂಪಾಯಿ. ದೊಡ್ಡಪ್ಪನವರು ಮೂರು ವರ್ಷ ಪ್ರತಿ ತಿಂಗಳೂ ಇಪ್ಪತ್ತೋ ಇಪ್ಪತ್ತೈದೋ ರೂಪಾಯಿಗಳನ್ನು ಕಾಗದದಲ್ಲಿ ಸುತ್ತಿ ಕಳುಹಿಸಿ ಏಳುನೂರ ಐವತ್ತನ್ನೂ ತೀರಿಸಿದರು. ಬೇಡವೆಂದರೂ ಕೇಳಲಿಲ್ಲ. ಬೇಲಿಯ ಬಳಿಗೆ ಮತ್ತೆ ಹೋಗಲಿಲ್ಲ. ಮಂಡಿಯಿಂದ ಮನೆಗೆ ಸುತ್ತುದಾರಿಯಲ್ಲಿ ನಡೆಯುತ್ತಿದ್ದರು. ನಾವು ಹೋಗುತ್ತಿದ್ದೆವು. ಹೋದುದನ್ನು 2003 ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರಿಗೆ ಹೇಳಲಿಲ್ಲ. ಹಣ ಕಟ್ಟಿದವರಲ್ಲ ನಾವು, ಒಂದು ರೂಪಾಯಿಯನ್ನೂ. ಆದರೂ ಮಂಜಿನಿಂದ ಕುದುರೆ ಹೊರಬರುವುದನ್ನು ನೋಡದೆ ಬೇಸಗೆ ಕಳೆಯುವುದು ನಮ್ಮಿಂದಾಗಲಿಲ್ಲ. ಇದು ದ್ರೋಹವೋ ಏನೋ ತಿಳಿಯದು.

ಇದು ಜೂಜೋ ಜಾಣ್ಮೆಯೋ ಎಂಬ ಪ್ರಶ್ನೆ ನಮ್ಮ ಮನೆಯೊಂದರದೇ ಆಗಿರಲಿಲ್ಲ. ತಮಿಳುನಾಡು ಸರಕಾರವು 1986 ರಲ್ಲಿ ಮದ್ರಾಸು ರೇಸ್ ಕ್ಲಬ್ಬನ್ನು ತನ್ನ ವಶಕ್ಕೆ ತೆಗೆದುಕೊಳ್ಳಲು ಶಾಸನ ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1996 ರಲ್ಲಿ ಕುದುರೆ ಪಂದ್ಯವು ಜಾಣ್ಮೆಯ ಆಟವೆಂದು ತೀರ್ಪಾಯಿತು, ಶಾಸನ ಬಿದ್ದುಹೋಯಿತು. ತೀರ್ಪಿನ ಸುದ್ದಿಯನ್ನು ದೊಡ್ಡಪ್ಪನವರಿಗೆ ಓದಿ ಹೇಳಿದಾಗ ಅವರು, "ಜಾಣ್ಮೆ ಕುದುರೆದು ಕಣ್ಲಾ, ನಮ್ದಲ್ಲ" ಎಂದು ಎಲೆ ಅಡಕೆಗೆ ಕೈಯಿಕ್ಕಿದರು.

ಕೊನೆಗೆ ಮೈದಾನವನ್ನು ಮುಚ್ಚಿಸಿದ್ದು ಜೂಜಲ್ಲ, ಬಾಡಿಗೆ. ಐವತ್ತೆರಡು ಎಕರೆಗೂ ಮಿಕ್ಕ ಆ ನೆಲದ ಗುತ್ತಿಗೆಯ ಬಾಕಿ ಎಂಟುನೂರು ಕೋಟಿ ರೂಪಾಯಿಗಳನ್ನು ಮೀರಿದೆಯೆಂದು 2024 ರ ಜುಲೈ ತಿಂಗಳಲ್ಲಿ ಕಂದಾಯ ಇಲಾಖೆಯವರು ಅದನ್ನು ವಶಕ್ಕೆ ತೆಗೆದುಕೊಂಡರು. ಅಲ್ಲಿ ಪರಿಸರ ಉದ್ಯಾನ ಮಾಡುವ ಯೋಜನೆ ಪ್ರಕಟವಾಯಿತು. ಒಳ್ಳೆಯದೇ ಎಂದರು ನಮ್ಮ ಮನೆಯವರು. ನಮ್ಮ ತಾಯಿಯವರಿದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಬೇಸಗೆಯಲ್ಲಿ ಕುದುರೆಗಳ ಮೈ ತಿಕ್ಕಿ, ಹುಲ್ಲು ಹಾಕಿ ಎರಡು ತಿಂಗಳ ಅನ್ನ ಕಂಡುಕೊಳ್ಳುತ್ತಿದ್ದ ಲಾಯದ ಆಳುಗಳು ಏನೆಂದರೋ ಕೇಳಿದವರನ್ನು ನಾವು ಕಾಣೆವು.

2025 ರ ಫೆಬ್ರವರಿಯಲ್ಲಿ ತಾಳವಾಡಿ ಸೀಮೆಯ ನಮ್ಮ ಶಾಲೆಯ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೋಗಿದ್ದೆವು. ಈಗ ನೀಲಗಿರಿಗೆ ಹೋಗಲು ವಾಹನಕ್ಕೆ ಮುಂಚಿತವಾಗಿ ಇ-ಪಾಸು ಬೇಕು. ಅದನ್ನು ಮೊಬೈಲಿನಲ್ಲಿ ಮಾಡಿಕೊಟ್ಟವನು ಏಳನೆಯ ತರಗತಿಯ ಹುಡುಗ. ಉದ್ಯಾನ, ಕೆರೆ ಎಲ್ಲ ಮುಗಿದ ಮೇಲೆ ಮಕ್ಕಳನ್ನು ಬೇಲಿಯ ಬಳಿಗೆ ಕರೆದೊಯ್ದೆವು. ಆಚೆ ಕುದುರೆಗಳಿರಲಿಲ್ಲ. ಮಂಜು ಮಾತ್ರ ಸರಿಯಾದ ಹೊತ್ತಿಗೆ ಬಂದಿತು. ಕಂದು ಕುದುರೆಯ ಪಂದ್ಯವನ್ನು ಹೇಳಿದೆವು. ಸೀರೆಯ ಚೂರಿನ ಸಂಗತಿಯನ್ನೂ ಬಿಡಲಿಲ್ಲ.

"ಒಂದು ಸುತ್ತು ಎಷ್ಟು ಸಾರ್?" ಎಂದಳೊಬ್ಬ ಹುಡುಗಿ.

"ಎರಡು ಸಾವಿರದ ನಾನೂರು ಮೀಟರು. ಫರ್ಲಾಂಗಿನಲ್ಲಿ ನೀನೇ ಹೇಳು."

ಅವಳು ಅಂಗೈಯ ಮೇಲೆ ಬೆರಳಿನಿಂದ ಭಾಗಾಕಾರ ಮಾಡುತ್ತ ನಿಂತಳು. ಅಷ್ಟರಲ್ಲಿ ಚಾಲಕನು ಹಾರ್ನ್ ಹೊಡೆದನು. ಹೊರಗಿನ ವಾಹನಗಳಿಗೆ ಕಲ್ಲಟ್ಟಿಯಲ್ಲಿ ಇಳಿಯಲು ಅನುಮತಿಯಿಲ್ಲದ ಕಾರಣ ಗೂಡಲೂರು ಸುತ್ತಿ, ಒಂಬತ್ತು ಗಂಟೆಯೊಳಗೆ ಬಂಡೀಪುರದ ಗೇಟು ದಾಟಬೇಕಾಗಿತ್ತು. ವ್ಯಾನು ಹತ್ತುವಾಗ ಅವಳು, "ಹನ್ನೆರಡಕ್ಕೆ ಒಂಚೂರು ಕಮ್ಮಿ ಸಾರ್" ಎಂದಳು. ಗೂಡಲೂರಿನಲ್ಲಿ ಚಹಾಕ್ಕೂ ನಿಲ್ಲದೆ ಬಂದೆವು.