ಒದ್ದಿ ಥಂಡಿ, ಒಣ ಥಂಡಿ

ಡಿಸೆಂಬರ್ ಬಂತಂದ್ರ ನಮ್ಮ ಧಾರವಾಡ-ಬೆಳಗಾವಿ ಕಡೆ ರಾತ್ರಿ 12-13 ಡಿಗ್ರಿಗೆ ಇಳೀತೈತಿ. ಹುಡುಗರಿಗೆ ಸ್ವೆಟರ್ ತೆಗೀತೇವಿ, ಗಂಡಸರಿಗೆ ಮಫ್ಲರ್ ಹುಡುಕಿ ಕೊಡತೇವಿ. ಡೈಪರ್ ಹಾಕೊಂಡು ಮಲಗೂ ಹಿರ್ಯಾರು ಥಂಡಿಯೊಳಗ ಹೆಂಗ ಇರತಾರ ಅನ್ನೂದನ್ನ ಮಾತ್ರ ನಾವು ಹೆಣ್ಣಮಕ್ಕಳೂ ಒಬ್ಬರಿಗೊಬ್ಬರು ಕೇಳೂದಿಲ್ಲ. ನಾಚಿಕಿ. ನಮ್ಮತ್ತಿಯವರನ್ನ ಕೇಳೇ ಇದನ್ನ ಬರ್ಯಾಕ ಕುಂತೇನಿ. "ಬರಿಯವ್ವಾ, ನನ್ನಂಥಾ ಮುದುಕಿ ಮನಿಗೊಬ್ಬಾಕಿ ಇದ್ದಾಳು" ಅಂದ್ರು.

ಅತ್ತಿಗೆ 78 ವರ್ಷ. ಸೊಂಟದ ಎಲುಬು ಮುರಿದು ಆಪರೇಶನ್ ಆದ ಮ್ಯಾಲಿಂದ ಡೈಪರ್ ಬಂತು. ವಾಕರ್ ಹಿಡಕೊಂಡು ಅಡ್ಡಾಡತಾರ, ಆದ್ರ ಬಚ್ಚಲ ಮುಟ್ಟೂದ್ರೊಳಗ ತಡಿಯೂದಿಲ್ಲ. ಮೊದಲನೇ ಚಳಿಗಾಲದಾಗ ಅವರು ತಮಗ ತಾವ ಒಂದು ಉಪಾಯ ಹುಡಕಿಕೊಂಡ್ರು: ನೀರ ಬಿಡೂದು. ನಾ ಕೊಟ್ಟ ಲೋಟದ ನೀರೆಲ್ಲಾ ತುಳಸಿ ಗಿಡಕ್ಕ ಹೋಗತಿತ್ತು. ತುಳಸಿ ಹುಲುಸಾತು, ಅತ್ತಿ ಸೊರಗಿದ್ರು. ಒಂದಿನ ಜ್ವರ ಬಂದು ನನ್ನನ್ನ ತಮ್ಮ ತಂಗಿ ಹೆಸರಿಲೆ ಕರ್ಯಾಕ ಹತ್ತಿದ್ರು. ದವಾಖಾನ್ಯಾಗ ಮೂತ್ರದ ಸೋಂಕು ಅಂದ್ರು. ವಯಸ್ಸಾದವರಿಗೆ ಈ ಸೋಂಕು ಬಂದ್ರ ಉರಿಗಿಂತ ಮೊದಲ ಮಾತ ತಪ್ಪಬಹುದಂತ. ಆವತ್ತಿನಿಂದ ನಮ್ಮನ್ಯಾಗ ಥಂಡಿ ದಿನದ ಮೊದಲ ಕೆಲಸ ನೀರ ಕುಡಿಸೂದು, ಆಮ್ಯಾಲೆ ಸ್ವೆಟರ್.

ಥಂಡಿಯೊಳಗ ಒಂದಕ್ಕ ಹೆಚ್ಚಾಗೂದು ಮೈಯ ಧರ್ಮ. ಚಳಿ ಹತ್ತಿದ ಕೂಡಲೇ ಮೈ ಚರ್ಮದ ರಕ್ತನಾಳ ಬಿಗಿ ಮಾಡಿ ರಕ್ತಾನ ಒಳಗ ಎಳಕೋತೈತಿ, ಆವಾಗ ಮೂತ್ರಪಿಂಡ ಹೆಚ್ಚು ನೀರ ಹೊರಗ ಹಾಕತಾವು. ಬ್ಯಾಸಗಿಯೊಳಗ ಬೆವರಾಗಿ ಹೋಗೂ ನೀರೂ ಈಗ ಅಲ್ಲೇ ಬರಬೇಕು. ನೀರ ಕಡಿಮಿ ಕುಡದ್ರ ಒಂದಕ್ಕ ನಿಲ್ಲೂದಿಲ್ಲ, ಗಟ್ಟಿಯಾಗಿ ವಾಸನಿ ಹೊಡೀತೈತಿ, ಚರ್ಮ ಉರೀತೈತಿ. ಅದಕ್ಕ ನಾವು ಹೊತ್ತು ಬದಲಿ ಮಾಡಿದ್ವಿ. ಮುಂಜಾನಿಯಿಂದ ಸಂಜಿ ಐದು-ಆರರ ತನಕ ಬಿಸಿಬಿಸಿ ಗಂಜಿ, ಜೀರಗಿ ನೀರ, ಬ್ಯಾಳಿ ಕಟ್ಟು. ಆಮ್ಯಾಲೆ ಗುಟುಕು ಗುಟುಕು. ಸಂಜಿ ಚಾ ಬಿಡಿಸಿದ್ವಿ, ಚಾ ಒಂದಕ್ಕದ ಅವಸರ ಹೆಚ್ಚ ಮಾಡತೈತಿ. ಹೃದಯದ್ದು, ಕಿಡ್ನೀದು ತ್ರಾಸ ಇದ್ದವರು ಮಾತ್ರ ನೀರಿನ ಅಳತಿ ಡಾಕ್ಟರ್‌ನ ಕೇಳಬೇಕು.

ಇನ್ನ ಚಳಿ ಎಲ್ಲಿಂದ ಬರತೈತಿ? ಅತ್ತಿ ಹೇಳಿದ ಮಾತು: "ಒಣ ಥಂಡಿ ತಡಕೋಬಹುದು, ಒದ್ದಿ ಥಂಡಿ ಎಲುಬಿಗೆ ಇಳೀತೈತಿ." ಖರೇ ಅದು. ಒಣಗಿದ ಡೈಪರ್ ತಾನಾ ಬೆಚ್ಚಗ ಇರತೈತಿ. ತುಂಬಿದ ಡೈಪರ್ ಮೊದಲ ಬಿಸಿ ಅನಸತೈತಿ, ಸ್ವಲ್ಪ ಹೊತ್ತಿಗೆ ಆರಿ ಮೈಯ ಕಾವನ್ನೆಲ್ಲಾ ಎಳಕೋತೈತಿ. ಮ್ಯಾಲೆ ನಾಕು ಕಂಬಳಿ ಹೊಚ್ಚಿದ್ರೂ ಆ ಚಳಿ ಹೋಗೂದಿಲ್ಲ. ಬಹಳ ಮಂದಿ ಒಂದರ ಮ್ಯಾಲೊಂದು ಎರಡು ಡೈಪರ್ ಹಾಕತಾರ. ಒಳಗಿಂದರ ಹೊರಮೈ ಪ್ಲಾಸ್ಟಿಕ್, ಮ್ಯಾಲಿಂದಕ್ಕ ನೀರ ಹೋಗೂದ ಇಲ್ಲ, ಬರೇ ಭಾರ. ಅದರ ಬದಲಿ ರಾತ್ರಿಗೆ ಹೆಚ್ಚು ಹೀರೂದು ತರ್ರಿ. ನಡದ ಅಳತಿ ನೋಡಿನ ತರ್ರಿ, ದೊಡ್ಡದಾದ್ರ ತೊಡಿ ಕಡೆಯಿಂದ ಸೋರತೈತಿ. ತೊಡಿ ಸಂದಿನ ಝಾಲರಿ ಒಳಗ ಮಡಚಿರಬಾರದು, ಬೆರಳ ಹಾಕಿ ಹೊರಗ ಬಿಡಸ್ರಿ.

ರಾತ್ರಿಗೆ ಪಟ್ಟಿ ಅಂಟಸೂ ನಮೂನಿ ಛಲೋ, ಹೊದಿಕಿ ಒಳಗ ಬದಲಿ ಮಾಡಬಹುದು. ಚಡ್ಡಿ ನಮೂನಿ ಹಗಲಿಗೆ, ಹೊರಗ ಹೋಗಾಕ. ಬದಲಿ ಮಾಡೂ ಮೊದಲ ಕಿಡಕಿ ಹಾಕಿ, ಹೊಸಾ ಡೈಪರನ್ನ ಕೌದಿ ಒಳಗ ಸ್ವಲ್ಪ ಹೊತ್ತು ಇಟ್ಟಿರತೇನಿ, ಥಂಡಿ ಆರತೈತಿ. ನನ್ನ ಕೈಯೂ ಬಿಸಿನೀರಾಗ ಅದ್ದಿ ಒರಸ್ಕೋತೇನಿ. ಉಗುರ ಬೆಚ್ಚನ್ನ ನೀರಾಗ ಹಿಂಡಿದ ಮೆತ್ತನ್ನ ಅರಿವಿಯಿಂದ ಮುಂದಿನಿಂದ ಹಿಂದಕ್ಕ ಒರಸಬೇಕು. ಒಣ ಅರಿವಿಯಿಂದ ತಿಕ್ಕಬಾರದು, ಒತ್ತಿ ಒತ್ತಿ ತೇವ ತೆಗೀಬೇಕು. ಝಿಂಕ್ ಆಕ್ಸೈಡ್ ಮುಲಾಮು ತೆಳ್ಳಗ ಸಾಕು, ದಪ್ಪ ಬಳದ್ರ ಡೈಪರಿಗೆ ಮೆತ್ತಿ ಅದು ಹೀರೂದು ಕಡಿಮಿ ಆಗತೈತಿ. ಪೌಡರ್ ಬ್ಯಾಡ, ತೇವಕ್ಕ ಗಂಟ ಕಟ್ಟಿ ಚರ್ಮ ಕೆರೀತೈತಿ.

ಅರಿವಿ ವಿಷಯಕ್ಕ ಬಂದ್ರ, ಬಿಗಿ ಲೆಗ್ಗಿಂಗ್ಸ್ ತಂದು ಹಾಕಬ್ಯಾಡ್ರಿ. ಒಂದ್ಸಲ ಬದಲಿ ಮಾಡಾಕ ಪೂರಾ ಬಿಚ್ಚಬೇಕು, ಅಷ್ಟ್ರಾಗ ಅವರು ನಡಗತಿರತಾರ. ಮೊಳಕಾಲ ತನಕ ಉಲನ್ ಕಾಲಚೀಲ, ಮ್ಯಾಲೆ ಹತ್ತಿ ಪರಕಾರ, ನಡದ ತನಕ ಅಷ್ಟ ಬರೂ ಸ್ವೆಟರ್, ಕಿವಿಗೆ ಸ್ಕಾರ್ಫ್. ಕಾಲಚೀಲದ ರಬ್ಬರ್ ಕಚ್ಚಬಾರದು. ಬೆನ್ನಾಗ ಕೈ ಹಾಕಿ ನೋಡ್ರಿ, ಬೆವರಿದ್ರ ಒಂದು ಹೊದಿಕಿ ತೆಗೀರಿ. ಬೆವರೂ ಒದ್ದೀನ.

ಹಾಸಿಗಿ ಮ್ಯಾಲಿನ ರಬ್ಬರ್ ಶೀಟು ಹಾವಿನಂಗ ತಣ್ಣಗಿರತೈತಿ. ನಾನು ಅದರ ಮ್ಯಾಲೆ ಸಣ್ಣ ಕೌದಿ ಹಾಸತೇನಿ. ಅತ್ತಿ ತಮ್ಮ ಹಳೇ ಸೀರಿಗೋಳ ಹರದು ಮೊಮ್ಮಕ್ಕಳಿಗೆ ಹೊಲದ ಕೌದಿಗಳವು. "ಅವರ ಉಚ್ಚಿ ಕುಡದ ಕೌದಿ, ಈಗ ನನ್ನ ಪಾಳಿ" ಅಂತ ಅವರ ನಕ್ಕ್ರು. ಥಂಡಿಯೊಳಗ ಕೌದಿ ಲಗೂ ಒಣಗೂದಿಲ್ಲ, ಮೂರರ ಬೇಕು.

ಬಿಸಿನೀರಿನ ಚೀಲ ಮಲಗೂಕ್ಕಿಂತ ಮೊದಲ ಗಾದಿ ಮ್ಯಾಲೆ ಇಟ್ಟು, ಮಲಗೂ ಮುಂದ ತೆಗದಬಿಡ್ರಿ. ಸಕ್ಕರಿ ಬ್ಯಾನಿ ಇದ್ದವರಿಗೆ ಕಾಲ ಜೋಮ ಇರತಾವು, ಸುಟ್ಟಿದ್ದೂ ತಿಳಿಯೂದಿಲ್ಲ. ಕೆಂಡದ ಶೆಗಡಿ ಮುಚ್ಚಿದ ಖೋಲ್ಯಾಗ ಇಡಲೇಬ್ಯಾಡ್ರಿ. ಅದರ ವಿಷದ ಗಾಳಿಗೆ ವಾಸನಿ ಇಲ್ಲ, ಮಲಗಿದವರು ಏಳೂದಿಲ್ಲ.

ಚರ್ಮ ಕೆಂಪಾಗಿ ಮರುದಿನಾನೂ ಇಳೀಲಿಲ್ಲಂದ್ರ, ಹುಣ್ಣಾದ್ರ, ಜ್ವರ ಬಂದ್ರ, ಮಾತ ತಪ್ಪಿದ್ರ ಮನಿ ಔಷಧ ಸಾಕು, ಡಾಕ್ಟರ್ ಕಡೆ ಹೋಗ್ರಿ. ತೆಗದ ಡೈಪರ್ ಪೇಪರಿನಾಗ ಸುತ್ತಿ ಕಸದ ಗಾಡಿಗೆ ಬ್ಯಾರೆ ಕೊಡ್ರಿ, ಕಸ ಎತ್ತೂ ಹೆಣ್ಣಮಕ್ಕಳೂ ನಮ್ಮಂಥವರ.

ಹೋದ ಸಂಕ್ರಮಣಕ್ಕ ಸಜ್ಜಿ ರೊಟ್ಟಿ ಬುತ್ತಿ ಕಟಗೊಂಡು ತ್ವಾಟಕ್ಕ ಹೋದ್ವಿ. ಅತ್ತಿಯವರ ಚೀಲದಾಗ ಎರಡು ಡೈಪರ್, ಒಂದು ಪರಕಾರ, ಥರ್ಮಾಸಿನಾಗ ಬಿಸಿನೀರ. ಮಾವಿನ ಗಿಡದ ಹಿಂದ ನಾನೂ ನಾದಿನಿಯೂ ಸೀರಿ ಮರಿ ಹಿಡದು ಒಂದ್ಸಲ ಬದಲಿ ಮಾಡಿದ್ವಿ. ಯಾರಿಗೂ ತಿಳೀಲಿಲ್ಲ. ಬಿಸಲಾಗ ಕುಂತು ಎಳ್ಳು ಹಚ್ಚಿದ ರೊಟ್ಟಿ ಎರಡು ತಿಂದ್ರು, ತಾವ ಕೇಳಿ ಎರಡು ಲೋಟ ನೀರ ಕುಡದ್ರು. ಈ ಸಲನೂ ಹೋಗೂಣು ಅಂತ ಈಗಿನಿಂದಾನ ಹೇಳಾಕತ್ತಾರ. ನಿಮ್ಮನ್ಯಾಗ ಹೆಂಗ ಮಾಡತೀರಿ, ಸಿಕ್ಕಾಗ ಹೇಳ್ರಿ. ನಾಚಿಕಿ ಬ್ಯಾಡ.